ತುರ್ಕರು ದಾರಿ ಮುಚ್ಚಿದ್ದಕ್ಕೇ ವಾಸ್ಕೋ ಡ ಗಾಮ ಬಂದನೇ?

ಪ್ರಶ್ನೆ: ಸರ್, 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದು ಭಾರತದ ದಾರಿ ಮುಚ್ಚಿದರು, ಅದಕ್ಕೇ ಯುರೋಪಿನವರು ಸಮುದ್ರದ ದಾರಿ ಹುಡುಕಿದರು ಅಲ್ವಾ? ಒಂದೇ ಸಾಲಿನಲ್ಲಿ ಹೇಳಿ.

ಒಂದೇ ಸಾಲಿನಲ್ಲಿ ಹೇಳುವುದಾದರೆ, ಅಲ್ಲ.

ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಪರೀಕ್ಷೆ ಹತ್ತಿರ ಬಂತು ಅಂದರೆ ಇದೇ ಪ್ರಶ್ನೆ, ಇದೇ ಮಾತು. ಕೇಳುವವರದು ತಪ್ಪಲ್ಲ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸಾಲು ಅದು. ಕೆಎಎಸ್‌ಗೆ ಓದುವಾಗಲೂ ಬೆನ್ನು ಬಿಡುವುದಿಲ್ಲ. ಹಾಗಾಗಿ ಈ ಸಲ ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಭೂಪಟ ತೆಗೆದು ಮುಂದಿಟ್ಟುಕೊಳ್ಳಿ. ಯುರೋಪಿನವರಿಗೆ ನಮ್ಮಿಂದ ಬೇಕಾಗಿದ್ದ ಮುಖ್ಯ ಸರಕು ಕಾಳುಮೆಣಸು. ಮಲಬಾರಿನಲ್ಲಿ ಹಡಗು ಹತ್ತಿದ ಮೆಣಸು ಅರಬ್ಬೀ ಸಮುದ್ರ ದಾಟಿ ಏಡನ್ ಕಡೆಗೆ ಹೋಗುತ್ತಿತ್ತು. ಅಲ್ಲಿಂದ ಕೆಂಪು ಸಮುದ್ರ, ಆಮೇಲೆ ಕೈರೋ, ಕೊನೆಗೆ ಅಲೆಕ್ಸಾಂಡ್ರಿಯಾ. ಇಟಲಿಯ ವೆನಿಸ್‌ನ ವರ್ತಕರು ಅಲ್ಲಿ ಕಾದಿರುತ್ತಿದ್ದರು. ಸಿರಿಯಾದ ಬಂದರುಗಳಿಂದಲೂ ಒಂದಷ್ಟು ಮಾಲು ಹೋಗುತ್ತಿತ್ತು. ಈಗ ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ಎಲ್ಲಿದೆ ಹುಡುಕಿ. ಎಷ್ಟೋ ಉತ್ತರಕ್ಕೆ, ಕಪ್ಪು ಸಮುದ್ರದ ಬಾಗಿಲಲ್ಲಿ! ಅದು ಅಲ್ಲಿನ ಧಾನ್ಯ, ತುಪ್ಪಳ, ಗುಲಾಮರ ವ್ಯಾಪಾರದ ದಾರಿ. ನಮ್ಮ ಮೆಣಸಿನ ದೊಡ್ಡ ದಾರಿ ಅದರ ಹತ್ತಿರಕ್ಕೂ ಹೋಗುತ್ತಿರಲಿಲ್ಲ.

ಈಜಿಪ್ಟ್, ಸಿರಿಯಾ ಎರಡೂ ಆಗ ಮಮ್ಲೂಕ್ ಸುಲ್ತಾನರ ಕೈಯಲ್ಲಿದ್ದವು. ಕಾನ್‌ಸ್ಟಾಂಟಿನೋಪಲ್ ಹಿಡಿದ ಆಟೊಮನ್ ತುರ್ಕರು ಈಜಿಪ್ಟನ್ನು ಗೆದ್ದದ್ದು 1517ರಲ್ಲಿ. ಪೋರ್ಚುಗಲ್‌ನ ಗಾಮ ಕೋಳಿಕೋಡ್ ಹತ್ತಿರ ಬಂದಿಳಿದದ್ದು 1498ರಲ್ಲಿ. ಅಂದರೆ ಅವನು ಬಂದು 19 ವರ್ಷವಾದ ಮೇಲೆ ಆ ದಾರಿ ತುರ್ಕರ ಕೈಗೆ ಸಿಕ್ಕಿತು. ತಮ್ಮದಲ್ಲದ ದಾರಿಯನ್ನು ಅವರು ಮುಚ್ಚುವುದಾದರೂ ಹೇಗೆ?

ಇನ್ನು ಇಸವಿಗಳನ್ನು ನೋಡಿ. ಪೋರ್ಚುಗೀಸರು ಆಫ್ರಿಕಾದ ಸೆಯುಟಾ ಹಿಡಿದದ್ದು 1415ರಲ್ಲಿ. ಕಾನ್‌ಸ್ಟಾಂಟಿನೋಪಲ್ ಗೆದ್ದ ಎರಡನೇ ಮೆಹ್ಮದ್ ಆಗ ಹುಟ್ಟಿಯೇ ಇರಲಿಲ್ಲ. 1434ರಲ್ಲಿ ಪೋರ್ಚುಗೀಸರ ಹಡಗು ಪಶ್ಚಿಮ ಆಫ್ರಿಕಾದ ಬೊಜಡೋರ್ ಭೂಶಿರ ದಾಟಿತು. 1444ರಲ್ಲಿ ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ನೂರಾರು ಜನರನ್ನು ಪೋರ್ಚುಗಲ್‌ನ ಲಾಗೋಸ್‌ನಲ್ಲಿ ಗುಲಾಮರಾಗಿ ಹಂಚಿಕೊಂಡರು. ಇದೆಲ್ಲ 1453ಕ್ಕಿಂತ ಮುಂಚಿನ ಮಾತು. ಅವರನ್ನು ಮೊದಲು ಎಳೆದದ್ದು ಆಫ್ರಿಕಾದ ಚಿನ್ನ ಮತ್ತು ಗುಲಾಮರು. ಇಂಡಿಯಾದ ಆಸೆ ಗಟ್ಟಿಯಾದದ್ದು ಆಮೇಲೆ.

ಸರಿ, ಕಾನ್‌ಸ್ಟಾಂಟಿನೋಪಲ್‌ನಲ್ಲಾದರೂ ವ್ಯಾಪಾರ ನಿಂತಿತಾ? ಊರು ಬಿದ್ದದ್ದು ಮೇ 29ಕ್ಕೆ. ಜೂನ್ 1ಕ್ಕೆ ಮೆಹ್ಮದ್ ಪಕ್ಕದ ಗಲಾಟಾದಲ್ಲಿದ್ದ ಇಟಲಿಯ ಜಿನೋವಾ ವರ್ತಕರಿಗೆ ವ್ಯಾಪಾರ ಮಾಡಿಕೊಂಡಿರಿ ಎಂದು ಬರೆದುಕೊಟ್ಟ. ಮರುವರ್ಷ, 1454ರಲ್ಲಿ, ವೆನಿಸ್ ಜೊತೆಗೂ ಒಪ್ಪಂದವಾಯಿತು. ಸುಂಕದ ದುಡ್ಡು ಬರುವ ಬಂದರನ್ನು ಯಾವ ರಾಜ ಸುಮ್ನೆ ಮುಚ್ಚುತ್ತಾನೆ ಹೇಳಿ. 1463ರಿಂದ 1479ರವರೆಗೆ ವೆನಿಸ್‌ಗೂ ತುರ್ಕರಿಗೂ ಯುದ್ಧ ನಡೆಯಿತು, ಆ ವರ್ಷಗಳಲ್ಲಿ ಪೆಟ್ಟು ಬಿತ್ತು, ನಿಜ. ಆಗಲೂ ಅಲೆಕ್ಸಾಂಡ್ರಿಯಾದ ಬಾಗಿಲು ತೆರೆದೇ ಇತ್ತು.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಬೇರೆ ಇದೆ. ಗಾಮನ ಕಡೆಯವನೊಬ್ಬ ಕೋಳಿಕೋಡಿನಲ್ಲಿ ಮೊದಲು ಕಾಲಿಟ್ಟಾಗ ಅವನ ಜೊತೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿದವರು ಟ್ಯುನಿಸ್‌ನ ಇಬ್ಬರು. ಟ್ಯುನಿಸ್ ಇರುವುದು ಮೆಡಿಟರೇನಿಯನ್ ತೀರದಲ್ಲಿ, ಇಟಲಿಯ ಎದುರಿಗೆ. ಅವರಿಗೆ ಸ್ಪೇನಿನ ಮಾತೂ ಬರುತ್ತಿತ್ತು, ಜಿನೋವಾದ ಮಾತೂ ಬರುತ್ತಿತ್ತು. ದಾರಿ ಮುಚ್ಚಿದ್ದರೆ ಆ ಇಬ್ಬರು ಗಾಮನಿಗಿಂತ ಮೊದಲೇ ಅಲ್ಲಿಗೆ ಹೇಗೆ ಬಂದರು? ತರಗತಿಯಲ್ಲಿ ಇದನ್ನು ಕೇಳಿದ ತಕ್ಷಣ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಇದು ನಾನು ಕಂಡುಹಿಡಿದ ಸಂಗತಿಯೇನಲ್ಲ. ಆಲ್ಬರ್ಟ್ ಲೈಬೈಯರ್ ಎಂಬ ಅಮೆರಿಕದ ಇತಿಹಾಸಕಾರ 1915ರಲ್ಲೇ ಸಾಂಬಾರ ಪದಾರ್ಥಗಳ ಬೆಲೆಗಳನ್ನೂ ನೋಡಿ, ತುರ್ಕರು ದಾರಿ ಮುಚ್ಚಿದರು ಎಂಬ ಮಾತಿಗೆ ಆಧಾರವಿಲ್ಲ ಎಂದು ತೋರಿಸಿದ. ನೂರು ವರ್ಷ ದಾಟಿದರೂ ನಾವು ಹಳೇ ಸಾಲನ್ನೇ ಬರೆಯುತ್ತಿದ್ದೇವೆ. ನನಗೆ ಬೇಜಾರಾಗುವುದು ಇದಕ್ಕೇ.

ಹಾಗಾದರೆ ಗಾಮ ಬಂದದ್ದು ಯಾಕೆ? ಅಡಿಕೆ ಮಂಡಿ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಮೆಣಸು ಒಂದೊಂದು ಕೈ ದಾಟಿದಾಗಲೂ ಬೆಲೆ ಏರುತ್ತಿತ್ತು. ಕೈರೋದಲ್ಲಿ ಸುಲ್ತಾನನ ಸುಂಕ, ಕೊನೆಯಲ್ಲಿ ವೆನಿಸ್‌ನವರ ಲಾಭ. ಇವರನ್ನೆಲ್ಲ ಬಿಟ್ಟು ಬೆಳೆಯುವ ಜಾಗದಲ್ಲೇ ಕೊಳ್ಳೋಣ ಎಂಬುದು ಪೋರ್ಚುಗಲ್‌ನ ಲೆಕ್ಕ. ಮುಂದೆ ಅವರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದದ್ದೂ ಈ ವ್ಯಾಪಾರದಿಂದಲೇ. ಇನ್ನೊಂದು ಮಾತು. 1560ರ ಹೊತ್ತಿಗೆ ಅಲೆಕ್ಸಾಂಡ್ರಿಯಾ ತುರ್ಕರದ್ದೇ ಆಗಿತ್ತು. ಆಗಲೂ ವೆನಿಸ್‌ನವರು ಅಲ್ಲಿ ಮೊದಲಿನಷ್ಟೇ ಮೆಣಸು ಕೊಳ್ಳುತ್ತಿದ್ದರು.

ಪರೀಕ್ಷೆಯಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದ ಇಸವಿ ಕೇಳಿದರೆ 1453 ಅಂತ ಧೈರ್ಯವಾಗಿ ಬರೆಯಿರಿ. ಕಾರಣ ಕೇಳಿದರೆ ಮೇಲಿನದನ್ನು ಬರೆಯಿರಿ.

ಯಾರೂ ಕೇಳಲಿಲ್ಲ, ಆದರೂ ಇದನ್ನು ಹೇಳದೆ ಮುಗಿಸಲು ಮನಸ್ಸಿಲ್ಲ. ಊರು ಗೆದ್ದ ದಿನವೇ ಮೆಹ್ಮದ್ ಅದಕ್ಕೆ ಇಸ್ತಾಂಬುಲ್ ಅಂತ ಹೆಸರಿಟ್ಟ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಾಗಲಿಲ್ಲ. ಆಟೊಮನ್ ನಾಣ್ಯಗಳ ಮೇಲೆ 20ನೇ ಶತಮಾನದಲ್ಲೂ ಕೊಸ್ತಂತಿನಿಯ್ಯೆ ಎಂದೇ ಇತ್ತು. ಇಸ್ತಾಂಬುಲ್ ಎಂದೇ ಬರೆಯಬೇಕು ಅಂತ ಟರ್ಕಿ ಸರ್ಕಾರ ಬೇರೆ ದೇಶಗಳಿಗೆ ಹೇಳಿದ್ದು 1930ರಲ್ಲಿ. ಆದರೆ ಜನರ ಬಾಯಲ್ಲಿ ಆ ಹೆಸರು 1453ಕ್ಕೂ ಎಷ್ಟೋ ಮೊದಲಿನಿಂದ ಇತ್ತು. ಅದು ಗ್ರೀಕರ ಮಾತು, ‘ಪಟ್ಟಣಕ್ಕೆ’ ಎಂದು ಅರ್ಥ. ನಮ್ಮ ಹಳ್ಳಿಗಳಲ್ಲಿ ‘ಪೇಟೆಗೆ ಹೋಗಿ ಬರ್ತೀನಿ’ ಅಂತಾರಲ್ಲ, ಯಾವ ಪೇಟೆ ಅಂತ ಯಾರೂ ಕೇಳುವುದಿಲ್ಲ. ಸುತ್ತಲಿನ ಗ್ರೀಕರಿಗೂ ಹಾಗೇ, ಪಟ್ಟಣ ಅಂದರೆ ಅದೊಂದೇ.