ಸಿಟಿಒ ಬೇಕು ಎನ್ನುತ್ತೀರಿ, ಯಾವ ಕೆಲಸಕ್ಕೆ?

ಪ್ರಶ್ನೆ: ನಮ್ಮ ಸ್ಟಾರ್ಟ್‌ಅಪ್‌ಗೆ ಈಗಷ್ಟೇ ಸೀರೀಸ್ ಎ, ಅಂದರೆ ಹೂಡಿಕೆದಾರರ ಮೊದಲ ದೊಡ್ಡ ಸುತ್ತಿನ ಬಂಡವಾಳ ಬಂದಿದೆ. ಎಂಜಿನಿಯರ್‌ಗಳು 22 ಮಂದಿ ಇದ್ದಾರೆ. ನಾನು ಮಾರಾಟದ ಕಡೆಯಿಂದ ಬಂದವನು, ಕೋಡ್ ಓದಲು ಬರುವುದಿಲ್ಲ. ದೊಡ್ಡ ಕಂಪನಿಯಲ್ಲಿ ಪಳಗಿದ ಸಿಟಿಒ (ಮುಖ್ಯ ತಂತ್ರಜ್ಞಾನ ಅಧಿಕಾರಿ) ಒಬ್ಬರನ್ನು ತನ್ನಿ ಎಂದು ಹೂಡಿಕೆದಾರರು ಹೇಳುತ್ತಿದ್ದಾರೆ. ಎಂಥವರನ್ನು ಆರಿಸಬೇಕು?

ಉತ್ತರ: ಈ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ಬಾಯಿಪಾಠವಾಗಿಬಿಟ್ಟಿದೆ. ಪತ್ರದಿಂದ ಪತ್ರಕ್ಕೆ ಎಂಜಿನಿಯರ್‌ಗಳ ಸಂಖ್ಯೆ ಬದಲಾಗುತ್ತದೆ, ಹೂಡಿಕೆದಾರರ ಸಲಹೆ ಬದಲಾಗುವುದಿಲ್ಲ. ಈಗ ನಿಮ್ಮಲ್ಲಿ ಕೆಟ್ಟಿರುವುದೇನು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನೀವೂ ಬರೆದಿಲ್ಲ.

ಹಾಗಾಗಿ ಊಹಿಸುತ್ತೇನೆ. ಇಷ್ಟು ದೊಡ್ಡ ತಂಡದಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ತಂತ್ರಜ್ಞಾನವಲ್ಲ. ಎಂಟು ಜನರಿದ್ದಾಗ ಒಂದೇ ಮೇಜಿನ ಸುತ್ತ ಇತ್ಯರ್ಥವಾಗುತ್ತಿದ್ದ ಮಾತು ಈಗ ಮೂರು ಸಭೆಗಳಾದರೂ ಮುಗಿಯುವುದಿಲ್ಲ. ಶುಕ್ರವಾರದ ರಿಲೀಸ್ ಬುಧವಾರಕ್ಕೆ ಜಾರುತ್ತದೆ, ಏಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಗ್ರಾಹಕರಿಗೆ ನೀವು ಮಾತು ಕೊಟ್ಟು ಬಂದ ಫೀಚರ್ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಒಳ್ಳೆಯ ಕೆಲಸಗಾರರಿಬ್ಬರು ಸದ್ದಿಲ್ಲದೆ ರಾಜೀನಾಮೆ ಕೊಟ್ಟಿರುತ್ತಾರೆ. ಪರಿಸ್ಥಿತಿ ಹೀಗಿದ್ದರೆ ನಿಮಗೆ ಬೇಕಿರುವುದು ತಂಡ ನಡೆಸಬಲ್ಲ ವ್ಯಕ್ತಿ. ಆ ಹುದ್ದೆಯನ್ನು ವಿಪಿ ಎಂಜಿನಿಯರಿಂಗ್ ಎನ್ನುತ್ತಾರೆ. ಮುಂದಿನ ಮೂರು ವರ್ಷ ಕಂಪನಿ ಯಾವ ತಂತ್ರಜ್ಞಾನವನ್ನು ನಂಬಿ ನಡೆಯಬೇಕು ಎಂಬುದೇ ತೀರ್ಮಾನವಾಗದಿದ್ದಾಗ ಸಿಟಿಒ ಬೇಕು.

ಇವೆರಡೂ ಒಂದೇ ಕೆಲಸವಲ್ಲ. ವರ್ನರ್ ವೋಗಲ್ಸ್ 2005ರಿಂದ ಅಮೆಜಾನ್‌ನ ಸಿಟಿಒ. ಅಲ್ಲಿಯ ಎಂಜಿನಿಯರ್‌ಗಳ ರಜೆ, ಬಡ್ತಿ, ನೇಮಕಾತಿಯನ್ನೆಲ್ಲ ನೋಡಿಕೊಳ್ಳುವುದು ಅವರ ಕೆಲಸವಲ್ಲ. ಫೇಸ್‌ಬುಕ್‌ಗೆ ಮೈಕ್ ಶ್ರೋಪ್ಫರ್ 2008ರಲ್ಲಿ ಬಂದದ್ದು ಎಂಜಿನಿಯರಿಂಗ್ ತಂಡವನ್ನು ನಡೆಸಲು. ಸಿಟಿಒ ಪಟ್ಟ ಸಿಕ್ಕಿದ್ದು 2013ರಲ್ಲಿ. ನಡುವಿನ ಕೆಲವು ವರ್ಷ ಆ ಪಟ್ಟ ಬ್ರೆಟ್ ಟೇಲರ್ ಅವರದಾಗಿತ್ತು. ಒಬ್ಬರ ಕೆಲಸಕ್ಕೆ ಇನ್ನೊಬ್ಬರನ್ನು ತಂದು ಕೂರಿಸಿದರೆ ಇಬ್ಬರ ಸಂಬಳದಷ್ಟು ನಷ್ಟ.

ಇನ್ನು "ದೊಡ್ಡ ಕಂಪನಿಯಲ್ಲಿ ಪಳಗಿದವರು" ಎಂಬ ಮಾತಿಗೆ ಬರುತ್ತೇನೆ. ಕೋಟಿಗಟ್ಟಲೆ ಬಳಕೆದಾರರನ್ನು ನಿಭಾಯಿಸಿದವರಿಗೆ ನಮ್ಮ ಐವತ್ತು ಸಾವಿರ ಬಳಕೆದಾರರು ಯಾವ ಲೆಕ್ಕ ಎಂಬುದು ಈ ವಾದ. ಕೇಳಲು ಎಷ್ಟು ಸರಿಯಾಗಿದೆ! ಸ್ಥಾಪಕರು ನಂಬುತ್ತಾರೆ, ಹೂಡಿಕೆದಾರರು ನಂಬುತ್ತಾರೆ, ಕೊನೆಗೆ ಆ ಅಭ್ಯರ್ಥಿಯೂ ನಂಬುತ್ತಾರೆ.

ಆ ಕೋಟಿ ಬಳಕೆದಾರರನ್ನು ನಿಭಾಯಿಸಿದ್ದು ಯಾರು ಎಂದು ಒಮ್ಮೆ ಕೇಳಿ ನೋಡಿ. ದೊಡ್ಡ ಕಂಪನಿಯಲ್ಲಿ ಡೇಟಾಬೇಸ್‌ಗೆ ಒಂದು ತಂಡ, ಸರ್ವರ್‌ಗಳಿಗೆ ಇನ್ನೊಂದು, ಭದ್ರತೆಗೆ ಮತ್ತೊಂದು. ರಾತ್ರಿ ಎರಡು ಗಂಟೆಗೆ ವ್ಯವಸ್ಥೆ ಕೈಕೊಟ್ಟರೆ ಏಳುವವರೇ ಬೇರೆ. ಗೂಗಲ್ ತನ್ನ ಸಾವಿರಾರು ಯಂತ್ರಗಳ ಮೇಲೆ ಕೆಲಸ ಹಂಚಲು ಬೋರ್ಗ್ ಎಂಬ ವ್ಯವಸ್ಥೆಯನ್ನು ತಾನೇ ಕಟ್ಟಿಕೊಂಡಿತು. ಆ ಅನುಭವದಿಂದ ಹುಟ್ಟಿದ ಕುಬರ್ನೆಟೀಸ್ ಎಂಬ ಅಂಥದೇ ತಂತ್ರಾಂಶ ಹೊರಜಗತ್ತಿಗೆ ಸಿಕ್ಕಿದ್ದು 2014ರಲ್ಲಿ. ಅಂಥ ಕಡೆ ಹತ್ತು ವರ್ಷ ದುಡಿದವರು ಬುದ್ಧಿವಂತರೇ, ಅನುಮಾನವಿಲ್ಲ. ಆದರೆ ಅವರ ಕೈಗೆ ಬಂದದ್ದು ಸಿದ್ಧವಾಗಿದ್ದ ನೆಲ. ನಿಮ್ಮಲ್ಲಿ ನೆಲ ಹಾಸುವುದೇ ಕೆಲಸ.

ನಾನು ಹತ್ತಿರದಿಂದ ಕಂಡ ಒಂದು ಕಂಪನಿಯ ಕಥೆ ಇದು. ವರ್ತಕರು ಬೆಳಿಗ್ಗೆ ಅಂಗಡಿ ತೆರೆದು ಹಳೆಯ ಆರ್ಡರ್‌ಗಳ ಪುಟ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಭಾರಿ ಹೆಸರಿನ ಕಡೆಯಿಂದ ಬಂದ ಹೊಸ ಸಿಟಿಒ ಪರಿಶೀಲಿಸಿ, ಇಡೀ ತಂತ್ರಾಂಶವನ್ನು ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ಬಿಡಿಬಿಡಿಯಾಗಿ ಓಡುವ ಪುಟ್ಟ ಸೇವೆಗಳಾಗಿ ಒಡೆಯಬೇಕು, ಎರಡು ತ್ರೈಮಾಸಿಕ ಬೇಕು, ಆರು ಜನರನ್ನು ಸೇರಿಸಿಕೊಳ್ಳಬೇಕು ಎಂದರು. ಯೋಜನೆ ಅರ್ಧ ದಾರಿಯಲ್ಲಿದ್ದಾಗ ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿಯೊಬ್ಬಳು ಆ ಪುಟ ಡೇಟಾಬೇಸ್‌ಗೆ ಏನು ಕೇಳುತ್ತಿದೆ ಎಂದು ತೆರೆದು ನೋಡಿದಳು. ಆರ್ಡರ್‌ಗಳ ಕೋಷ್ಟಕದಲ್ಲಿ ವರ್ತಕರ ಸಂಖ್ಯೆಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇರಲೇ ಇಲ್ಲ. ಒಬ್ಬ ವರ್ತಕರ ನಲವತ್ತು ಆರ್ಡರ್ ಹುಡುಕಲು ಡೇಟಾಬೇಸ್ ಪ್ರತಿ ಸಲವೂ ಲಕ್ಷಾಂತರ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು. ಒಂದು ಸಾಲಿನ ಆದೇಶ ಕೊಟ್ಟು ಇಂಡೆಕ್ಸ್ ಸೇರಿಸಿದ ಮೇಲೆ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಸಿಟಿಒ ದಡ್ಡರಾಗಿರಲಿಲ್ಲ. ಹಿಂದಿನ ಕಂಪನಿಯಲ್ಲಿ ಇಂಥದ್ದು ಅವರ ಮೇಜಿಗೆ ಬರುವ ಮೊದಲೇ ಡೇಟಾಬೇಸ್ ತಂಡ ಸರಿಮಾಡಿರುತ್ತಿತ್ತು, ಅಷ್ಟೇ. ಗುಡ್ಡ ಅಗೆದದ್ದಾಯಿತು, ಇಲಿಯನ್ನು ಹಿಡಿದವಳು ಬೇರೆಯೇ.

ದೊಡ್ಡವರೇ ಈಗ ಹೀಗೆ ಒಡೆದು ಹಂಚುವ ಮೋಹದಿಂದ ಹಿಂದೆ ಸರಿದ ಉದಾಹರಣೆಯೂ ಇದೆ. ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡ ದೃಶ್ಯ ಮತ್ತು ಧ್ವನಿಯ ಗುಣಮಟ್ಟ ಪರೀಕ್ಷಿಸುವ ತನ್ನ ಸೇವೆಯನ್ನು, ಚೂರುಚೂರಾಗಿ ಹಂಚಿದ್ದ ವಿನ್ಯಾಸದಿಂದ ಒಂದೇ ಕಡೆಗೆ ತಂದು ಖರ್ಚನ್ನು ಶೇ 90ಕ್ಕಿಂತ ಹೆಚ್ಚು ಇಳಿಸಿಕೊಂಡಿತು. 2023ರಲ್ಲಿ ಅದನ್ನು ತಾನೇ ಹೇಳಿಕೊಂಡಿತು. ಕೋಟಿಗಟ್ಟಲೆ ಬಳಕೆದಾರರಿಗೆ ಭಾರಿ ತಂಡವೇ ಬೇಕೆಂದೂ ಇಲ್ಲ. 2014ರಲ್ಲಿ ಫೇಸ್‌ಬುಕ್ ಕೊಂಡಾಗ ವಾಟ್ಸ್‌ಆ್ಯಪ್‌ಗೆ ತಿಂಗಳಿಗೆ 45 ಕೋಟಿ ಬಳಕೆದಾರರಿದ್ದರು, ಎಂಜಿನಿಯರ್‌ಗಳು ಇದ್ದದ್ದು 32. "ಅದರ ಸ್ಥಾಪಕರು ಯಾಹೂವಿನಿಂದ ಬಂದವರಲ್ಲವೇ, ಅದು ದೊಡ್ಡ ಕಂಪನಿಯಲ್ಲವೇ?" ಎಂದು ಕೂಡಲೇ ಪತ್ರ ಬರೆಯಬೇಡಿ. ಬಂದವರೇ. ಆದರೆ ಯಾಹೂವಿನ ತಂಡಗಳನ್ನಾಗಲಿ ಸಲಕರಣೆಗಳನ್ನಾಗಲಿ ನೆಚ್ಚಿಕೊಳ್ಳದೆ, ಕೆಲವೇ ಜನರನ್ನು ಇಟ್ಟುಕೊಂಡು ಹೊಸದಾಗಿ ಕಟ್ಟಿದರು. ದೊಡ್ಡ ಕಂಪನಿಯವರು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಆ ಹೆಸರು ಅರ್ಹತೆಯ ಪುರಾವೆಯಲ್ಲ ಎನ್ನುತ್ತಿದ್ದೇನೆ.

ಹಾಗಾದರೆ ಯಾರು? ನೀವು ಇನ್ನು ಎರಡು ವರ್ಷದಲ್ಲಿ ಹಾಯಬೇಕಾದ ಹಂತವನ್ನು ಈಗಾಗಲೇ ಒಮ್ಮೆ ಹಾಯ್ದು ಬಂದವರು. ಇಪ್ಪತ್ತು ಜನರ ತಂಡ ಅರವತ್ತಾಗುವಾಗ ಒಳಗೆ ಇದ್ದವರು. ಐದು ಸಾವಿರ ಜನರ ವಿಭಾಗದಲ್ಲಿ ಮುನ್ನೂರು ಜನರಿಗೆ ಮುಖ್ಯಸ್ಥರಾಗಿದ್ದವರಿಗಿಂತ ಇಂಥವರು ನಿಮಗೆ ಹತ್ತು ಪಾಲು ಮೇಲು. ಕೋಡ್ ಗೊತ್ತಿಲ್ಲ ಎಂದು ಸಂದರ್ಶನದಲ್ಲಿ ಸುಮ್ಮನೆ ಕೂರಬೇಡಿ. ಕಳೆದ ಬಾರಿ ಯಾರನ್ನು ಕೆಲಸದಿಂದ ತೆಗೆದಿರಿ, ಆ ಮಾತನ್ನು ಹೇಗೆ ಹೇಳಿದಿರಿ ಎಂದು ಕೇಳಿ. ನಿಮ್ಮಲ್ಲಿ ಇತ್ತೀಚೆಗೆ ಸರ್ವರ್ ಬಿದ್ದ ಘಟನೆಯ ವರದಿಯನ್ನು ಕೈಗೆ ಕೊಟ್ಟು, ನಿಮ್ಮ ಎಂಜಿನಿಯರ್‌ಗಳ ಜೊತೆ ಒಂದು ಮಧ್ಯಾಹ್ನ ಕೂರಲು ಬಿಡಿ. ಮೊದಲ ಹತ್ತು ನಿಮಿಷದಲ್ಲೇ ಪರಿಹಾರ ಹೇಳುತ್ತಾರೋ, ಪ್ರಶ್ನೆ ಕೇಳುತ್ತಾರೋ ನೋಡಿ. ಹಳೆಯ ಬಾಸ್‌ಗೆ ಫೋನ್ ಮಾಡುವ ಬದಲು ಅವರ ಕೈಕೆಳಗೆ ದುಡಿದವರಿಗೆ ಮಾಡಿ.

ನೀವು ಕೇಳದ ಇನ್ನೊಂದು ವಿಷಯವನ್ನು ನಾನೇ ಎತ್ತುತ್ತೇನೆ, ಏಕೆಂದರೆ ನಿಮ್ಮಲ್ಲಿ ಒಬ್ಬ ಸಿಟಿಒ ಈಗಾಗಲೇ ಇದ್ದಾರೆ ಎಂಬುದು ನನ್ನ ಗುಮಾನಿ. ಮೊದಲ ಎಂಜಿನಿಯರ್. ಆರಂಭದಲ್ಲಿ ಸಂಬಳ ಕೊಡಲಾಗದೆ ಪಟ್ಟ ಕೊಟ್ಟಿರುತ್ತೀರಿ. ಆ ಪಟ್ಟ ವಿಸಿಟಿಂಗ್ ಕಾರ್ಡ್‌ಗೂ ಬಂದಿರುತ್ತದೆ, ಮದುವೆಯ ಮಾತುಕತೆಯಲ್ಲೂ ಬಳಕೆಯಾಗಿರುತ್ತದೆ. ಹೊರಗಿನವರ ಹುಡುಕಾಟದ ಸುದ್ದಿ ಅವರಿಗೆ ನೇಮಕಾತಿ ಏಜೆನ್ಸಿಯವರಿಂದ ತಿಳಿಯಬಾರದು, ನಿಮ್ಮಿಂದ ತಿಳಿಯಬೇಕು.

ಅವರೇ ಸಾಲುವುದಿಲ್ಲವೇ ಎಂದೂ ಒಮ್ಮೆ ಪ್ರಾಮಾಣಿಕವಾಗಿ ಯೋಚಿಸಿ. ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಝೆರೋಧಾದಲ್ಲಿ ಕೈಲಾಶ್ ನಾಧ್ 2013ರಿಂದ ತಂತ್ರಜ್ಞಾನ ನೋಡಿಕೊಳ್ಳುತ್ತಿದ್ದಾರೆ. ಗ್ರಾಹಕರ ಸಂಖ್ಯೆ ಕೋಟಿ ಮುಟ್ಟಿದರೂ ತಾಂತ್ರಿಕ ತಂಡವನ್ನು ಸುಮಾರು ಮೂವತ್ತು ಜನರ ಆಸುಪಾಸಿನಲ್ಲೇ ಇಟ್ಟುಕೊಂಡು ಬಂದರು. ತಂಡ ಬೆಳೆಯಲೇಬೇಕು ಎಂಬ ಕಟ್ಟಳೆಯೇನೂ ಇಲ್ಲ.

ಯೋಚಿಸಿದ ಮೇಲೂ ಹೊರಗಿನವರೇ ಬೇಕು ಎನಿಸಿದರೆ, ಈ ಮೊದಲ ಎಂಜಿನಿಯರ್‌ಗೆ ಜನರನ್ನು ನಡೆಸುವ ಹೊರೆ ಇಲ್ಲದ, ಸಂಬಳದಲ್ಲಿ ಕಡಿಮೆಯಾಗದ ಹುದ್ದೆಯೊಂದನ್ನು ಮಾಡಿಕೊಡಿ. ಅಭ್ಯರ್ಥಿಗಳ ಸಂದರ್ಶನದಲ್ಲಿ ಅವರೂ ಕೂರಲಿ. ಅಷ್ಟಾದರೂ ಬಿಟ್ಟು ಹೋಗುತ್ತೇನೆ ಎಂದರೆ ತಡೆಯಬೇಡಿ, ಆದರೆ ಅವರ ಇಸಾಪ್ (ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳಲು ನೌಕರರಿಗೆ ಕೊಡುವ ಹಕ್ಕು) ಪತ್ರವನ್ನು ತೆಗೆದು ಓದಿ. ಕೆಲಸ ಬಿಟ್ಟ ಮೇಲೆ ಷೇರು ಕೊಳ್ಳಲು 90 ದಿನ ಮಾತ್ರ ಎಂಬ ಷರತ್ತು ಅನೇಕ ಪತ್ರಗಳಲ್ಲಿರುತ್ತದೆ. ಮಾರಲಾಗದ ಷೇರಿಗೆ ಕೈಯಿಂದ ಹಣ ಹಾಕಿ, ಮೇಲೆ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಆ ಅವಧಿಯನ್ನು ಕೆಲವು ವರ್ಷಗಳಿಗೆ ವಿಸ್ತರಿಸುವ ವಿಷಯವನ್ನು ಮುಂದಿನ ಮಂಡಳಿ ಸಭೆಯ ಕಾರ್ಯಸೂಚಿಯಲ್ಲೇ ಸೇರಿಸಿ. ಹೊಸಬರ ನೇಮಕದ ಪ್ರಸ್ತಾವಕ್ಕಿಂತ ಅದು ಮೊದಲು ಬರಲಿ.