ಓಡದ ಟ್ರೇಲರ್‌ನ ಬೇರಿಂಗ್ ಬೇಗ ಹೋಗುತ್ತದೆ

ಬೆಂಗಳೂರಿನಲ್ಲಿ ಕ್ಯಾರವಾನ್ ಟ್ರೇಲರ್ ಇಟ್ಟುಕೊಂಡವರು ಹೆಚ್ಚಾಗಿ ಅದನ್ನು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಎಳೆಯುತ್ತಾರೆ. ಉಳಿದ ದಿನವೆಲ್ಲ ಅದು ಖಾಲಿ ಸೈಟಿನಲ್ಲೋ ಅಪಾರ್ಟ್‌ಮೆಂಟಿನ ಹಿಂದಿನ ಮೂಲೆಯಲ್ಲೋ ಬಿಸಿಲು ಮಳೆಗೆ ನಿಂತಿರುತ್ತದೆ. ‘ಓಡಿದ್ದೇ ಮೂರು ಸಾವಿರ ಕಿಲೋಮೀಟರ್, ಬೇರಿಂಗ್ ಯಾಕೆ ಬಿಚ್ಚಬೇಕು?’ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಟ್ರೇಲರ್ ಬೇರಿಂಗ್ ಓಡಿ ಓಡಿ ಸವೆದುಹೋಗುವುದು ಅಪರೂಪ. ಒಳಗೆ ನೀರು ಸೇರಿ, ನಿಂತಲ್ಲೇ ತುಕ್ಕು ಹಿಡಿದು, ಇಲ್ಲವೇ ನಟ್ಟನ್ನು ತಪ್ಪಾಗಿ ಬಿಗಿದು ಹಾಳಾಗುವುದೇ ಹೆಚ್ಚು. ಆಕ್ಸಲ್ ತಯಾರಕರು ಸಾಮಾನ್ಯವಾಗಿ ಕೊಡುವ ಅವಧಿ 12 ತಿಂಗಳು ಅಥವಾ 12,000 ಮೈಲಿ, ಅಂದರೆ ಸುಮಾರು 19,000 ಕಿ.ಮೀ., ಯಾವುದು ಮೊದಲೋ ಅದು. ನಮ್ಮಲ್ಲಿ ತಿಂಗಳೇ ಮೊದಲು ಬರುತ್ತದೆ. ನವೆಂಬರ್‌ನಲ್ಲಿ, ಮಳೆ ನಿಂತ ಮೇಲೆ ಮತ್ತು ಡಿಸೆಂಬರ್ ರಜೆಗೆ ಮುಂಚೆ, ಒಮ್ಮೆ ಬಿಚ್ಚಿ ನೋಡುವುದು ಸರಿಯಾದ ಹೊತ್ತು.

ಸ್ಪ್ಯಾನರ್ ಹಿಡಿಯುವ ಮುಂಚೆ ನಿಮ್ಮದು ಯಾವ ಬಗೆಯ ಹಬ್ (ಬೇರಿಂಗ್ ಕೂತಿರುವ ಚಕ್ರದ ನಡುಭಾಗ) ಎಂದು ತಿಳಿದುಕೊಳ್ಳಿ. ಅಮೆರಿಕದ ಮಾದರಿಯ ಆಕ್ಸಲ್‌ಗಳಲ್ಲಿ ಪ್ರತಿ ಹಬ್‌ಗೆ ಎರಡು ಟೇಪರ್ ರೋಲರ್ ಬೇರಿಂಗ್, ಅಂದರೆ ಒಂದು ತುದಿಗೆ ಕಿರಿದಾಗುವ ರೋಲರ್‌ಗಳಿರುವ ಬೇರಿಂಗ್, ಇರುತ್ತವೆ. ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಇವನ್ನು ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಮತ್ತೆ ಕೂರಿಸಬಹುದು. ಯುರೋಪಿನ ಮಾದರಿಯ ಎಷ್ಟೋ ಆಕ್ಸಲ್‌ಗಳಲ್ಲಿ ಸೀಲ್ ಮಾಡಿದ ಒಂದೇ ಬೇರಿಂಗ್ ಇರುತ್ತದೆ. ಅದಕ್ಕೆ ಗ್ರೀಸ್ ಹಾಕುವ ದಾರಿಯೇ ಇಲ್ಲ. ಸದ್ದು ಬಂದರೆ ಬದಲಾಯಿಸಬೇಕು, ಅಷ್ಟೆ. ಅಲ್-ಕೋ ಕಂಪನಿಯ ಈ ಬಗೆಯ ಹಬ್‌ನ ನಟ್ಟನ್ನು 290 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು ಮತ್ತು ಒಮ್ಮೆ ಬಿಚ್ಚಿದ ನಟ್ಟನ್ನು ಮತ್ತೆ ಬಳಸುವಂತಿಲ್ಲ. ಟೇಪರ್ ಬೇರಿಂಗಿನ ಅಭ್ಯಾಸದಲ್ಲಿ ಕೈಬಿಗಿ ಮಾಡಿ ಬಿಟ್ಟರೆ ಚಕ್ರವೇ ಕಳಚಿ ಬರುತ್ತದೆ. ಮುಂದೆ ಹೇಳುವುದೆಲ್ಲ ಬಿಚ್ಚಬಲ್ಲ ಟೇಪರ್ ಬೇರಿಂಗಿನ ಬಗ್ಗೆ.

ನೀರು ಹೇಗೆ ಸೇರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆದ್ದಾರಿಯಲ್ಲಿ ಓಡಿ ಬಂದ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗಿರುತ್ತದೆ. ಅದೇ ಹೊತ್ತಿಗೆ ಸಂಜೆ ಮಳೆ ಸುರಿದು ಅಂಡರ್‌ಪಾಸಿನಲ್ಲೋ ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲೋ ಹಬ್ ಮುಳುಗುವಷ್ಟು ನೀರು ನಿಂತಿದ್ದರೆ, ಬಿಸಿ ಹಬ್ ತಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಹಬ್ ಹಿಂದಿನ ರಬ್ಬರ್ ಸೀಲಿನ ತುಟಿಯ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊಸ ಸೀಲ್ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಐದು ವರ್ಷದ ಗಟ್ಟಿಯಾದ ರಬ್ಬರ್ ತಡೆಯುವುದಿಲ್ಲ. ನೀರು ಸೇರಿದ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಹಬ್ ಮುಳುಗುವಷ್ಟು ನೀರಿನಲ್ಲಿ ಟ್ರೇಲರ್ ಹೋಗಿದ್ದರೆ ನವೆಂಬರ್‌ವರೆಗೆ ಕಾಯಬೇಡಿ, ಆ ವಾರವೇ ಬಿಚ್ಚಿ.

ಬಿಚ್ಚುವಾಗ ಮೊದಲ ಎಚ್ಚರ ಜಾಕಿಯದ್ದು. ಆಕ್ಸಲ್ ಕೊಳವೆಯ ನಡುವೆ ಜಾಕ್ ಕೊಡಬಾರದು. ಆ ಕೊಳವೆಯನ್ನು ಭಾರ ಬಿದ್ದಾಗ ಚಕ್ರ ನೆಟ್ಟಗೆ ನಿಲ್ಲಲಿ ಎಂದು ತಯಾರಿಸುವಾಗಲೇ ಸ್ವಲ್ಪ ಮೇಲಕ್ಕೆ ಬಾಗಿಸಿರುತ್ತಾರೆ. ನಡುವೆ ಎತ್ತಿದರೆ ಆ ಬಾಗು ಕೆಡುತ್ತದೆ. ಚಾಸಿಗೆ, ಸ್ಪ್ರಿಂಗ್ ಹ್ಯಾಂಗರ್ ಪಕ್ಕದಲ್ಲಿ ಜಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ಎದುರು ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಕ್ರ ತೆಗೆದ ಮೇಲೆ ಹಬ್‌ನ ಹೊರ ಮುಚ್ಚಳವಾದ ಡಸ್ಟ್ ಕ್ಯಾಪನ್ನು ಸುತ್ತಲೂ ಮೆಲ್ಲಗೆ ತಟ್ಟಿ ಬಿಡಿಸಿ. ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ಎಳೆದು ಬಿಸಾಡಿ, ಮತ್ತೆ ಬಳಸುವಂಥದ್ದಲ್ಲ ಅದು. ನಟ್ ಮತ್ತು ವಾಷರ್ ತೆಗೆದು ಹಬ್ ಎಳೆಯುವಾಗ ಹೊರ ಬೇರಿಂಗ್ ಮುಂದಕ್ಕೆ ಜಾರುತ್ತದೆ, ಅಂಗೈ ಒಡ್ಡಿಕೊಂಡೇ ಎಳೆಯಿರಿ. ಮಣ್ಣಿಗೆ ಬಿದ್ದ ಬೇರಿಂಗ್ ತೊಳೆಯುವುದು ಎರಡು ಪಟ್ಟು ಕೆಲಸ. ಎಡದ್ದು ಬಲದ್ದು, ಒಳಗಿನದು ಹೊರಗಿನದು ಬೆರಕೆಯಾಗದಂತೆ ಬೇರೆ ಬೇರೆ ಡಬ್ಬಿಯಲ್ಲಿ ಇಡಿ. ಒಂದೇ ಕಪ್ಪಿನಲ್ಲಿ (ಹಬ್ ಒಳಗೆ ಕೂತಿರುವ, ರೋಲರ್ ಉರುಳುವ ಉಕ್ಕಿನ ಹೊರ ಬಳೆ) ಓಡಿ ಪಳಗಿದ ರೋಲರ್ ಅದೇ ಕಪ್ಪಿಗೆ ಹೋಗಬೇಕು.

ತೊಳೆಯಲು ಡೀಸೆಲ್ ಸಾಕು. ಆಮೇಲೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ, ಉಳಿದ ಡೀಸೆಲ್ ಹೊಸ ಗ್ರೀಸನ್ನು ತೆಳುವಾಗಿಸುತ್ತದೆ. ಏರ್ ಗನ್ ಹಿಡಿದು ಬೇರಿಂಗನ್ನು ಗಿರ್ರನೆ ತಿರುಗಿಸುವ ಚಾಳಿ ಗ್ಯಾರೇಜುಗಳಲ್ಲಿದೆ. ಎಣ್ಣೆಯಿಲ್ಲದ ಒಣ ರೋಲರ್ ಆ ವೇಗಕ್ಕೆ ಗೀರು ಬೀಳುತ್ತದೆ, ರೋಲರ್‌ಗಳನ್ನು ಹಿಡಿದಿಡುವ ಕೇಜ್ ಬಿಟ್ಟರೆ ರೋಲರ್ ಹಾರಿ ಕಣ್ಣಿಗೇ ಬಡಿಯಬಹುದು.

ಈಗ ಬೆಳಕಿಗೆ ಹಿಡಿದು ನೋಡಿ. ರೋಲರ್ ಮತ್ತು ಕಪ್ಪಿನ ಮೈ ಒಂದೇ ಸಮ ಮಾಸಲು ಬೂದು ಬಣ್ಣವಿದ್ದರೆ ಚಿಂತೆಯಿಲ್ಲ. ಕಪ್ಪಿನೊಳಗೆ ರೋಲರ್‌ಗಳ ಅಂತರದಲ್ಲೇ ಸಾಲಾಗಿ ಕರಿ ಗೆರೆಗಳಿದ್ದರೆ ನೀರು ಕೂತು ಲೋಹ ತಿಂದಿದೆ ಎಂದರ್ಥ. ನಿಂತ ಟ್ರೇಲರ್‌ನ ಗುರುತು ಇದು. ಅದೇ ಅಂತರದಲ್ಲಿ ಉಗುರಿಗೆ ಸಿಗುವ ತಗ್ಗುಗಳಿದ್ದರೆ ಗುಂಡಿಗೋ ರಸ್ತೆಯ ಉಬ್ಬಿಗೋ ಬಲವಾದ ಪೆಟ್ಟು ಬಿದ್ದಿರಬಹುದು, ಇಲ್ಲವೇ ನಿಂತಲ್ಲೇ ಅದುರಿ ಅದುರಿ ಒತ್ತು ಬಿದ್ದಿರಬಹುದು. ಹಕ್ಕಳೆ ಎದ್ದಂತೆ ಲೋಹ ಕಿತ್ತು ಬಂದಿದ್ದರೆ ಆ ಬೇರಿಂಗಿನ ಕಥೆ ಮುಗಿಯಿತು. ನೀಲಿ ಬಣ್ಣಕ್ಕೆ ತಿರುಗಿದ್ದರೆ ಅತಿಯಾಗಿ ಕಾದು ಉಕ್ಕಿನ ಗಡಸುತನ ಹೋಗಿದೆ, ಮೈ ಎಷ್ಟೇ ನುಣುಪಾಗಿದ್ದರೂ ಬಳಸಬೇಡಿ. ಹಬ್ ಕೂರುವ ಆಕ್ಸಲ್ ತುದಿ, ಅಂದರೆ ಸ್ಟಬ್ ಆಕ್ಸಲ್ ಮೇಲೂ ಕಣ್ಣು ಹಾಯಿಸಿ. ಸೀಲ್ ಉಜ್ಜುವ ಜಾಗದಲ್ಲಿ ಉಗುರು ತಡೆಯುವಷ್ಟು ಗೀರು ಬಿದ್ದಿದ್ದರೆ ಎಂಥ ಹೊಸ ಸೀಲ್ ಹಾಕಿದರೂ ಗ್ರೀಸ್ ಹೊರಬರುತ್ತದೆ.

ಬೇರಿಂಗ್ ಬದಲಾಯಿಸುವುದಾದರೆ ಕಪ್ಪು ಮತ್ತು ರೋಲರ್ ಎರಡನ್ನೂ ಜೊತೆಯಾಗಿಯೇ ಬದಲಾಯಿಸಬೇಕು. ಹಳೆ ಕಪ್ಪು ಹಾಗೇ ಉಳಿಸಿ ಹೊಸ ರೋಲರ್ ಹಾಕಿಕೊಡುವವರು ಇದ್ದಾರೆ, ಒಪ್ಪಬೇಡಿ. ಬಿಡಿಭಾಗ ಕೊಳ್ಳಲು ಜೆ.ಸಿ. ರಸ್ತೆಗೋ ಎಸ್.ಪಿ. ರಸ್ತೆಗೋ ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅದರ ಮುಖದ ಮೇಲೆ ಕೊರೆದ ನಂಬರ್ ಹೇಳಿ ಕೇಳಿ. 3,500 ಪೌಂಡ್, ಅಂದರೆ ಸುಮಾರು 1,590 ಕಿಲೋ ತಾಳುವ ಆಕ್ಸಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಒಳಗಡೆ ಎಲ್68149 ರೋಲರ್ ಮತ್ತು ಎಲ್68111 ಕಪ್ಪು, ಹೊರಗಡೆ ಎಲ್44649 ಮತ್ತು ಎಲ್44610. ನಕಲಿ ಮಾಲು ಈ ಮಾರುಕಟ್ಟೆಯಲ್ಲಿ ಧಾರಾಳ. ಬಿಲ್ ಕೊಡುವ ಅಧಿಕೃತ ಡೀಲರ್ ಬಳಿಯೇ ಕೊಳ್ಳಿ; ಎಸ್‌ಕೆಎಫ್‌ನಂಥ ತಯಾರಕರು ಅಸಲಿಯೋ ಅಲ್ಲವೋ ಪರೀಕ್ಷಿಸಲು ಮೊಬೈಲ್ ಆ್ಯಪ್ ಕೊಟ್ಟಿದ್ದಾರೆ, ಬಳಸಿ.

ಹಳೆ ಕಪ್ಪನ್ನು ಹಿತ್ತಾಳೆ ಸರಳಿನಿಂದ ಎದುರು ಬದುರು ತಟ್ಟುತ್ತ ಹೊರತಳ್ಳಿ. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಕೊಂಡು ಹಬ್ ಕೆರೆಯುತ್ತದೆ. ಹೊಸದನ್ನು ಕೂರಿಸುವಾಗ ಹಳೆ ಕಪ್ಪನ್ನೇ ತಿರುಗಿಸಿ ಮೇಲಿಟ್ಟು ಹೊಡೆಯಬಹುದು. ಸುತ್ತಿಗೆಯ ಸದ್ದು ಕೇಳುತ್ತಿರಿ: ಇಳಿಯುತ್ತಿರುವಷ್ಟು ಹೊತ್ತು ಮಂದ ಸದ್ದು, ತಳ ಮುಟ್ಟಿದ ಕ್ಷಣ ಠಣ್ ಎನ್ನುತ್ತದೆ. ಆ ಸದ್ದು ಬರುವವರೆಗೆ ನಿಲ್ಲಿಸಬೇಡಿ. ಅರ್ಧ ಕೂತ ಕಪ್ಪು ಆಮೇಲೆ ರಸ್ತೆಯಲ್ಲಿ ಕೆಳಗಿಳಿದು ನೀವು ಕೊಟ್ಟ ಬಿಗಿಯನ್ನೆಲ್ಲ ಸಡಿಲಿಸುತ್ತದೆ.

ಗ್ರೀಸ್ ವಿಷಯದಲ್ಲಿ ಬಣ್ಣ ನೋಡಿ ಮೋಸಹೋಗಬೇಡಿ, ಕೆಂಪು ನೀಲಿ ಎಲ್ಲ ಬರೀ ಬಣ್ಣ. ಡಬ್ಬಿಯ ಮೇಲೆ ಲಿಥಿಯಂ ಕಾಂಪ್ಲೆಕ್ಸ್, ಎನ್‌ಎಲ್‌ಜಿಐ 2 (ಗ್ರೀಸಿನ ಗಟ್ಟಿತನದ ದರ್ಜೆ), ವೀಲ್ ಬೇರಿಂಗ್ ಎಂದು ಇರಬೇಕು. ಬ್ರೇಕ್ ಇರುವ ಹಬ್ ಘಾಟಿಯಲ್ಲಿ ಚೆನ್ನಾಗಿ ಕಾಯುತ್ತದೆ, ಚಾಸಿ ಗ್ರೀಸ್ ಆ ಬಿಸಿಗೆ ಕರಗಿ ಬ್ರೇಕ್ ಲೈನರ್ ಮೇಲೆ ಹರಿಯುತ್ತದೆ. ಲಾರಿಗಳಿಗೆ ಬಳಸುವ ಎಪಿ-3 ಕೂಡ ಬೇರಿಂಗ್ ಗ್ರೀಸೇ, ಸ್ವಲ್ಪ ಗಟ್ಟಿ; ಬೇರೇನೂ ಸಿಗದ ಕಡೆ ನಡೆಯುತ್ತದೆ. ಹಳೆಯದರ ಮೇಲೆ ಬೇರೆ ಜಾತಿಯದನ್ನು ಬೆರೆಸುವುದು ಮಾತ್ರ ಬೇಡ, ಕೆಲವು ಜಾತಿ ಸೇರಿದರೆ ಎರಡೂ ನೀರಾಗುತ್ತವೆ.

ತುಂಬುವ ಬಗೆ ಹೀಗೆ: ಎಡ ಅಂಗೈಯಲ್ಲಿ ನಿಂಬೆಹಣ್ಣಿನ ಗಾತ್ರದ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲದ ಬದಿಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಎಳೆಯಿರಿ. ಕಿರಿದಾದ ಬದಿಯಲ್ಲಿ ರೋಲರ್‌ಗಳ ನಡುವಿಂದ ಎಳೆಎಳೆಯಾಗಿ ಗ್ರೀಸ್ ಹೊರಬಂದ ಮೇಲೆ ಸ್ವಲ್ಪ ತಿರುಗಿಸಿ ಮುಂದಿನ ಜಾಗ. ಸುತ್ತಲೂ ಬರಬೇಕು. ಮೇಲೆ ಸವರಿದ ಗ್ರೀಸ್ ಒಳಗಿನ ರೋಲರ್ ತುದಿಯನ್ನು ಮುಟ್ಟುವುದಿಲ್ಲ. ಹಬ್ ಒಳಗಿನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗ ಸಾಕು, ಕಿಕ್ಕಿರಿದು ತುಂಬಿದರೆ ಗ್ರೀಸ್ ಕಲಕಿ ಕಲಕಿಯೇ ಬಿಸಿ ಏರುತ್ತದೆ. ಹಿಂದಿನ ಸೀಲ್ ಪ್ರತಿ ಸಲವೂ ಹೊಸದು. ಸ್ಟಬ್ ತುದಿಯಲ್ಲಿ ಗ್ರೀಸ್ ನಿಪ್ಪಲ್ (ಗನ್‌ನಿಂದ ಗ್ರೀಸ್ ತುಂಬುವ ಬಾಯಿ) ಇರುವ ಆಕ್ಸಲ್‌ಗಳಲ್ಲಿ ಚಕ್ರ ಎತ್ತಿ, ಕೈಯಲ್ಲಿ ತಿರುಗಿಸುತ್ತ, ನಿಧಾನವಾಗಿ ಗನ್ ಒತ್ತಬೇಕು. ನೆಲದ ಮೇಲೆ ನಿಂತ ಚಕ್ರಕ್ಕೆ ಜೋರಾಗಿ ಒತ್ತಿದರೆ ಹಿಂದಿನ ಸೀಲ್ ಕಿತ್ತು ಗ್ರೀಸ್ ಬ್ರೇಕಿಗೆ ಹೋಗುತ್ತದೆ, ಹೊರಗಿನಿಂದ ನಿಮಗೆ ಗೊತ್ತೂ ಆಗುವುದಿಲ್ಲ. ನಿಪ್ಪಲ್ ಇದೆ ಎಂದು ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದನ್ನು ಬಿಡಬಾರದು.

ಬಹಳಷ್ಟು ಬೇರಿಂಗ್ ಹಾಳಾಗುವುದು ನಟ್ ಬಿಗಿಯುವಾಗ. ‘ಆಟ (ಅಲುಗಾಟ) ಇರಲೇಬಾರದು’ ಎಂದು ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಜಗ್ಗಿದರೆ ಟೇಪರ್ ರೋಲರ್ ಕಪ್ಪಿಗೆ ಬೆಣೆಯಾಗಿ ಕೂರುತ್ತದೆ. ಎಳೆದುಕೊಂಡು ಹೊರಟ ಸ್ವಲ್ಪ ಹೊತ್ತಿಗೇ ಹಬ್ ಕಾಯತೊಡಗುತ್ತದೆ. ಸರಿಯಾದ ಕ್ರಮ ಇದು: ಹಬ್ ಅನ್ನು ಕೈಯಲ್ಲಿ ತಿರುಗಿಸುತ್ತಲೇ ನಟ್ಟನ್ನು ಸುಮಾರು 68 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ತಿರುಗಿಸದೆ ಬಿಗಿದರೆ ರೋಲರ್‌ಗಳು ತಮ್ಮ ಜಾಗಕ್ಕೆ ಸರಿಯುವುದಿಲ್ಲ. ಬಳಿಕ ಹಬ್ ಅಲುಗಾಡಿಸದೆ ನಟ್ಟನ್ನು ಪೂರ್ತಿ ಸಡಿಲಿಸಿ, ಬೆರಳಲ್ಲಿ ಎಷ್ಟು ಬರುತ್ತದೋ ಅಷ್ಟೇ ಮತ್ತೆ ಬಿಗಿಯಿರಿ. ಪಿನ್ ತೂತು ಹೊಂದದಿದ್ದರೆ ಸಡಿಲಿಸುವ ಕಡೆಗೆ ತಿರುಗಿಸಿ ಹೊಂದಿಸಿ, ಬಿಗಿಯುವ ಕಡೆಗೆ ಬೇಡ. ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಇದ್ದರೆ ಹಬ್‌ನ ಆಟ 0.025ರಿಂದ 0.25 ಮಿ.ಮೀ. ಒಳಗಿರಬೇಕು. ಚಕ್ರ ಹಾಕಿ ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಕೈಗೆ ಚೂರು ಆಟ ಸಿಕ್ಕರೆ ಹೆದರಬೇಡಿ, ಬೇರಿಂಗಿನಲ್ಲಿ ಕೂದಲೆಳೆಯಷ್ಟಿದ್ದದ್ದು ಟೈರಿನ ಅಂಚಿನಲ್ಲಿ ಹಲವು ಪಟ್ಟಾಗಿ ಕಾಣುತ್ತದೆ. ಟಕ್ ಟಕ್ ಎಂದು ಕೇಳುವಷ್ಟಿದ್ದರೆ ಮಾತ್ರ ಮತ್ತೆ ಬಿಚ್ಚಿ.

ಬೇರಿಂಗ್ ಸರಿಯಿದ್ದೂ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಆಕ್ಸಲ್ ಅಳೆಯಬೇಕು. ಟ್ರೇಲರ್ ಕಾರಿಗೆ ಸೇರುವ ಕಪ್ಲಿಂಗ್ ಬಾಲಿನ ನಡುಬಿಂದುವಿನಿಂದ ಎಡ ಬಲ ಸ್ಟಬ್ ತುದಿಗಳಿಗೆ ಟೇಪ್ ಹಿಡಿಯಿರಿ, 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆಕ್ಸಲ್ ಓರೆಯಾಗಿ ಕೂತಿದೆ. ಯು-ಬೋಲ್ಟ್ ಸಡಿಲಾಗಿ ಸ್ಪ್ರಿಂಗ್ ಮೇಲೆ ಆಕ್ಸಲ್ ಜರುಗಿರುವುದು ಸಾಮಾನ್ಯ ಕಾರಣ. ಒಳ ಅಂಚು ಸವೆದಿದ್ದರೆ ಹೆಚ್ಚು ಭಾರ ಹೇರಿ ಕೊಳವೆ ಬಾಗಿರುವ ಸಾಧ್ಯತೆ ಹೆಚ್ಚು. ನೀರಿನ ಟ್ಯಾಂಕ್ ತುಂಬಿಸಿ ಹೊರಡುವವರು 100 ಲೀಟರ್ ಅಂದರೆ 100 ಕಿಲೋ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಬಾಗಿದ ಕೊಳವೆಯನ್ನು ಕಾಯಿಸಿ ನೆಟ್ಟಗೆ ಮಾಡಿಸಬೇಡಿ. ಸ್ಪ್ರಿಂಗ್ ಬದಲು ಕೊಳವೆಯೊಳಗೆ ರಬ್ಬರ್ ಇರುವ ಟಾರ್ಷನ್ ಆಕ್ಸಲ್ ಆದರೆ ಹತ್ತಿರದಲ್ಲಿ ವೆಲ್ಡಿಂಗ್ ಕೂಡ ಬೇಡ, ಒಳಗಿನ ರಬ್ಬರ್ ಸುಡುತ್ತದೆ.

ನಿಲ್ಲಿಸಿಟ್ಟ ತಿಂಗಳುಗಳಲ್ಲಿ ಮಾಡಬೇಕಾದ್ದು ಕಡಿಮೆ: ತಿಂಗಳಿಗೊಮ್ಮೆ ನಾಲ್ಕು ಅಡಿ ಹಿಂದೆ ಮುಂದೆ ತಳ್ಳಿ, ಒಣಗಿದ ರೋಲರ್‌ಗೆ ಗ್ರೀಸ್ ಮತ್ತೆ ಹತ್ತುತ್ತದೆ.

ಹೊರಟ ದಿನ ಮಂಗಳೂರು ಕಡೆಗೆ ಎಂದಿಟ್ಟುಕೊಳ್ಳಿ. ಅರ್ಧ ಇಂಚಿನ ಸ್ಟಡ್ (ವೀಲ್ ನಟ್ ಕೂರುವ ಬೋಲ್ಟ್) ಇರುವ ಚಕ್ರಕ್ಕೆ ವೀಲ್ ನಟ್ 120ರಿಂದ 160 ನ್ಯೂಟನ್ ಮೀಟರ್. ನೆಲಮಂಗಲ ದಾಟಿ ಒಮ್ಮೆ, ಕುಣಿಗಲ್ ಕಳೆದು ಇನ್ನೊಮ್ಮೆ ಬಿಗಿ ನೋಡಿ. ಪ್ರತಿ ನಿಲುಗಡೆಯಲ್ಲೂ ಎಲ್ಲ ಹಬ್‌ಗಳ ಮೇಲೆ ಕೈಹಿಂಬದಿ ತಂದು ನೋಡಿ, ಅಥವಾ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಬಿಸಿ ಎಷ್ಟು ಎನ್ನುವುದಕ್ಕಿಂತ ಒಂದು ಹಬ್ ಉಳಿದವಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ಬಿಸಿಯೇ ಎಂಬುದು ಮುಖ್ಯ. ಶಿರಾಡಿ ಘಾಟಿ ಇಳಿದ ಮೇಲೆ ಬ್ರೇಕಿನ ಬಿಸಿಯೂ ಸೇರಿರುತ್ತದೆ, ಹಾಗಾಗಿ ಇಳಿಯುವ ಮುಂಚೆ ಸಕಲೇಶಪುರದಲ್ಲೇ ನೋಡಿಕೊಳ್ಳಿ. ಗ್ರೀಸ್ ತುಂಬಿ ಸಿದ್ಧಪಡಿಸಿದ ಒಂದು ಪೂರಾ ಹಬ್, ಜೊತೆಗೆ ಸೀಲ್, ನಟ್, ವಾಷರ್, ಎರಡು ಸ್ಪ್ಲಿಟ್ ಪಿನ್, ಕ್ಯಾಪ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟ್ರೇಲರ್‌ನಲ್ಲೇ ಇಟ್ಟಿರಿ. ಸ್ಟಬ್ ಕೆಟ್ಟಿರದಿದ್ದರೆ ರಸ್ತೆ ಬದಿಯಲ್ಲಿ ಒಂದು ಗಂಟೆಯೊಳಗೆ ಹಬ್ ಬದಲಾಯಿಸಿ ಮುಂದೆ ಹೋಗಬಹುದು. ಆ ಹಬ್‌ನ ಸ್ಟಡ್ ಅಳತೆ ನಿಮ್ಮ ಚಕ್ರಕ್ಕೆ ಹೊಂದುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಹಾಕಿ ನೋಡಿರಬೇಕು.