ಕಾರ್ನಿವಲ್‌ಗೆ ಸ್ಟೀಮ್‌ಪಂಕ್ ಉಡುಪು: ಹೊರಗೆ ಲಂಡನ್, ಒಳಗೆ ಗೋವಾ

ಗೋವಾದ ಮೆರವಣಿಗೆ ಹಬ್ಬ ಕಾರ್ನಿವಲ್ ಹತ್ತಿರ ಬಂತೆಂದರೆ ವಾಸ್ಕೋದ ನನ್ನ ಹೊಲಿಗೆ ಅಂಗಡಿಗೆ ಮೊಬೈಲ್‌ನಲ್ಲಿ ಫೋಟೊ ಹಿಡಿದು ಬರುವವರು ಜಾಸ್ತಿ. ‘ಅಕ್ಕಾರ, ಇದ ಬೇಕ್ರಿ’ ಅಂತ ನಮ್ಮ ಧಾರವಾಡ ಕಡೆಯ ಹುಡುಗಿಯರು ಈಚೆಗೆ ತೋರಿಸುವುದು ಸ್ಟೀಮ್‌ಪಂಕ್ ಉಡುಪು. ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರ ಕಾಲದ, ಲೇಸಿನಿಂದ ಸೊಂಟಕ್ಕೆ ಕಟ್ಟುವ ಕಾರ್ಸೆಟ್, ಹಿಂದೆ ಎರಡು ಬಾಲದ ಟೇಲ್‌ಕೋಟ್, ಎತ್ತರದ ಟೋಪಿ. ಅದರ ಮೇಲೆ ಉಗಿಯಂತ್ರದ ಹಲ್ಲುಚಕ್ರ, ಕನ್ನಡಕ, ಚರ್ಮದ ಬೆಲ್ಟು.

ನೋಡಲು ಬಲು ಚೆಂದ. ಆದರೆ ಅದು ಇಂಗ್ಲೆಂಡಿನ ಚಳಿಗೆ ಹೊಲಿದ ಬಟ್ಟೆ. ನಮ್ಮ ಮೆರವಣಿಗೆ ನಡೆಯುವುದು ಮಧ್ಯಾಹ್ನದ ಮೇಲೆ, 30 ಡಿಗ್ರಿ ದಾಟಿದ ಬಿಸಿಲಲ್ಲಿ, ಕುಣಿಯುತ್ತಾ. ಹಾಗಾಗಿ ಹೊರಗಿನ ಆಕಾರ ಮಾತ್ರ ಉಳಿಸಿಕೊಳ್ಳಿ. ಒಳಗಿನದೆಲ್ಲ ನಮ್ಮ ಹವೆಗೆ ತಕ್ಕಂತೆ ಬದಲಾಗಬೇಕು.

ಎಲ್ಲಕ್ಕಿಂತ ಮುಖ್ಯ ಕಾರ್ಸೆಟ್. ಒಳಪದರಕ್ಕೆ ಗಟ್ಟಿ ಹತ್ತಿಯ ಡ್ರಿಲ್ ಬಟ್ಟೆ ತೆಗೆದುಕೊಳ್ಳಿ. ಸ್ಯಾಟಿನ್ ಅಸ್ತರು ಖಂಡಿತ ಬೇಡ, ಬೆವರಿಗೆ ಮೈಗೆ ಅಂಟುತ್ತದೆ. ಹೊರಪದರಕ್ಕೆ ನಾನು ಇಷ್ಟಪಡುವುದು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಆ ಸಣ್ಣ ನೇಯ್ಗೆಯ ಚಿತ್ತಾರ, ಕಡುಗೆಂಪು, ಕಡುಹಸಿರು ಬಣ್ಣಗಳು ಕಂದು ಬೆಲ್ಟಿಗೂ ತಾಮ್ರದ ಬಣ್ಣಕ್ಕೂ ಎಷ್ಟು ಒಪ್ಪುತ್ತವೆ ಅಂದರೆ, ದುಬಾರಿ ಬ್ರೊಕೇಡ್ ಹುಡುಕುವ ಅಗತ್ಯವೇ ಇಲ್ಲ. ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ, ನಿಜ. ಆದರೆ ಕಾರ್ಸೆಟ್ಟಿನ ತುಂಡುಗಳೂ ಸಣ್ಣವೇ ಅಲ್ವಾ? ಅಂಚು ಬೇಗ ಎಳೆ ಬಿಡುವುದರಿಂದ, ಕತ್ತರಿಸಿದ ಕೂಡಲೇ ಡ್ರಿಲ್ಲಿನ ಜೊತೆ ಸುತ್ತಲೂ ಒಂದು ಹೊಲಿಗೆ ಹಾಕಿಬಿಡಿ.

ವಿಕ್ಟೋರಿಯಾ ಕಾಲದಲ್ಲಿ ಕಾರ್ಸೆಟ್ಟನ್ನು ನೆಟ್ಟಗೆ ನಿಲ್ಲಿಸುವ ಕಡ್ಡಿಗೆ ತಿಮಿಂಗಿಲದ ಬಾಯಿಯ ಪಟ್ಟಿ ಬಳಸುತ್ತಿದ್ದರು, ಮುಂದೆ ಉಕ್ಕು ಬಂತು. ನೀವು ಎಲೆಕ್ಟ್ರಿಕ್ ಅಂಗಡಿಗೆ ಹೋಗಿ 9 ಮಿ.ಮೀ. ಅಗಲದ ಕೇಬಲ್ ಟೈ ತನ್ನಿ. ತುಕ್ಕು ಹಿಡಿಯದು, ಹಗುರ, ಮೈ ಬಾಗಿದಂತೆ ಬಾಗುತ್ತದೆ. ಅದು ಕೂರುವ ಹೊಲಿಗೆಯ ಕೊಳವೆ 12 ಮಿ.ಮೀ. ಇರಲಿ. ಕಡ್ಡಿ ಕೊಳವೆಗಿಂತ ಅರ್ಧ ಇಂಚು ಗಿಡ್ಡ ಇರಬೇಕು. ತುದಿಯನ್ನು ದುಂಡಗೆ ಉಜ್ಜಿ, ಇಲ್ಲದಿದ್ದರೆ ಕುಣಿಯುವಾಗ ಬಟ್ಟೆ ಹರಿದು ಪಕ್ಕೆಗೆ ಚುಚ್ಚುತ್ತದೆ.

ಸೊಂಟದ ಅಳತೆಗಿಂತ 2 ಇಂಚು ಕಡಿಮೆ ಇಟ್ಟು ಕತ್ತರಿಸಿ. ಮೈ ಬಿಗಿಯಲು ಅಲ್ಲ. ಬೆನ್ನಿನಲ್ಲಿ ಲೇಸು ಕಟ್ಟುವ ಕಡೆ ಆ 2 ಇಂಚು ತೆರೆದೇ ಇರಬೇಕು. ಅಲ್ಲಿಂದ ಗಾಳಿಯಾಡುತ್ತದೆ, ಊಟವಾದ ಮೇಲೆ ಸಡಿಲಿಸಬಹುದು. ಉಸಿರು ಕಟ್ಟುವಂಥ ಕಾರ್ಸೆಟ್ಟನ್ನು ನಾನು ಯಾರಿಗೂ ಹೊಲಿದುಕೊಡುವುದಿಲ್ಲ, ಎಷ್ಟೇ ಕೇಳಿಕೊಂಡರೂ. ಒಳಗೆ ಸೊಂಟದ ಸುತ್ತ ಒಂದಿಂಚಿನ ಗಟ್ಟಿ ಟೇಪು ಹೊಲಿದರೆ ಎಳೆತವೆಲ್ಲ ಅದರ ಮೇಲೆ ಬೀಳುತ್ತದೆ, ಖಣ ಪಿಸಿಯುವುದಿಲ್ಲ. ಲೇಸು ತೂರಿಸುವ ಲೋಹದ ಬಳೆ, ಅಂದರೆ ಐಲೆಟ್ ಕೂರಿಸುವ ತೂತನ್ನು ಪಂಚ್‌ನಿಂದ ಹೊಡೆಯಬೇಡಿ. ದಬ್ಬಳದಿಂದ ಎಳೆ ಸರಿಸಿ ಮಾಡಿ. ಎಳೆ ಕಡಿಯದಿದ್ದರೆ ಐಲೆಟ್ ಕಿತ್ತು ಬರುವುದಿಲ್ಲ. ಐಲೆಟ್ ಸಾಲಿನ ಎರಡೂ ಬದಿಗೆ ಒಂದೊಂದು ಕಡ್ಡಿ ಇರಲಿ, ಲೇಸು ಎಳೆದಾಗ ಬಟ್ಟೆ ಮುದುಡದು.

ಸ್ಕರ್ಟಿನ ಹಿಂದೆ ಉಬ್ಬಿ ನಿಲ್ಲುವ ಬಸಲ್ 1870 ಮತ್ತು 80ರ ದಶಕದ ಫ್ಯಾಷನ್. ಒಳಗೆ ಉಕ್ಕಿನ ಬಳೆಗಳೂ ಇರುತ್ತಿದ್ದವು. ಅದು ಬೇಡವೇ ಬೇಡ. ಲೆಹೆಂಗಾಕ್ಕೆ ಹಾಕುವ ಕ್ಯಾನ್‌ಕ್ಯಾನ್ ನೆಟ್ಟನ್ನು ಮೂರು ಸಾಲು ನೆರಿಗೆ ಮಾಡಿ ಪೆಟಿಕೋಟಿನ ಹಿಂಭಾಗಕ್ಕಷ್ಟೇ ಹೊಲಿದರೆ ಸಾಕು. ಮುಂದೆ ಸ್ಕರ್ಟ್ ಪಾದಕ್ಕಿಂತ 4 ಇಂಚು ಮೇಲಿರಲಿ. ಮೆರವಣಿಗೆಯ ಅಲಂಕೃತ ಲಾರಿ (ಫ್ಲೋಟ್) ಹತ್ತಿಳಿಯುವವರು ನೀವು.

ಗಂಡಸರಿಗೆ ನನ್ನ ಸಲಹೆ: ಕೋಟು ಬಿಡಿ. ವೇಸ್ಟ್‌ಕೋಟಿನ ಬೆನ್ನಿಗೆ, ಸೊಂಟದ ಹೊಲಿಗೆಯಲ್ಲೇ ಎರಡು ಬಾಲ ಸೇರಿಸಿ ಹೊಲಿಸಿಕೊಳ್ಳಿ. ಹಿಂದಿನಿಂದ ಟೇಲ್‌ಕೋಟೇ ಕಾಣುತ್ತದೆ, ತೋಳಿಗೆ ತೆಳು ಹತ್ತಿ ಅಂಗಿ ಸಾಕು.

ಬೆಲ್ಟು, ಪಟ್ಟಿಗಳಿಗೆ ರೆಕ್ಸಿನ್ ನಡೆಯುತ್ತದೆ. ಅದರ ಮೇಲೆ ಬಿದ್ದ ಸೂಜಿ ತೂತು ಮುಚ್ಚುವುದಿಲ್ಲ, ಆದ್ದರಿಂದ ಗುಂಡುಪಿನ್ ಬದಲು ಕ್ಲಿಪ್ ಬಳಸಿ. 16 ನಂಬರ್ ಸೂಜಿ ಹಾಕಿ, ಹೊಲಿಗೆ ಉದ್ದ 4 ಮಿ.ಮೀ. ಇಡಿ. ಸಣ್ಣ ಹೊಲಿಗೆ ಹಾಕಿದರೆ ಅಂಚೆಚೀಟಿ ಹಾಳೆಯಂತೆ ಅಲ್ಲೇ ಹರಿಯುತ್ತದೆ. ಮಷಿನ್ ಪಾದಕ್ಕೆ ಅಂಟಿಕೊಂಡರೆ ಪಾದದ ಅಡಿಗೆ ಸೆಲ್ಲೊಟೇಪ್ ಹಚ್ಚಿ.

ಹಲ್ಲುಚಕ್ರಗಳನ್ನು ಲೋಹದಲ್ಲಿ ಮಾಡಿಸಬೇಡಿ. ಭಾರಕ್ಕೆ ಬಟ್ಟೆ ಜೋಲುತ್ತದೆ, ಬಿಸಿಲಿಗೆ ಸುಡುತ್ತದೆ. ಫೋಮ್ ಶೀಟ್ ಕತ್ತರಿಸಿ, ಮೊದಲು ಕಪ್ಪು, ಒಣಗಿದ ಮೇಲೆ ತಾಮ್ರದ ಬಣ್ಣವನ್ನು ಸುಮ್ನೆ ಸ್ಪಂಜಿನಿಂದ ಮೇಲಿಂದ ಮೇಲೆ ತಟ್ಟಿ. ಸಂದುಗಳಲ್ಲಿ ಉಳಿದ ಕಪ್ಪೇ ಹಳೇ ಯಂತ್ರದ ಕಳೆ ಕೊಡುತ್ತದೆ. ಟಿಚ್ ಬಟನ್‌ನಿಂದ ಸಿಕ್ಕಿಸಿದರೆ ಒಗೆಯುವಾಗ ತೆಗೆಯಬಹುದು.

ಟ್ರಯಲ್‌ಗೆ ಬಂದಾಗ ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಏನೂ ಗೊತ್ತಾಗದು. ಎರಡೂ ಕೈ ಎತ್ತಿ, ಸ್ಟೂಲಿನ ಮೇಲೆ ಕುಳಿತು, ಮೆಟ್ಟಿಲು ಹತ್ತಿ ನೋಡಿ. ಮೆರವಣಿಗೆಯಲ್ಲಿ ಹಾಕುವ ಶೂಗಳನ್ನೇ ಹಾಕಿಕೊಂಡು ಬನ್ನಿ.

ಕಾರ್ನಿವಲ್ ತಾರೀಕು ಪ್ರತಿವರ್ಷ ಬದಲಾಗುತ್ತದೆ. ಕ್ರೈಸ್ತರ ಉಪವಾಸದ ಕಾಲ ಲೆಂಟ್ ಶುರುವಾಗುವ ಬುಧವಾರಕ್ಕೆ ಮುಂಚಿನ ನಾಲ್ಕು ದಿನ ಅದು, ಕೆಲವು ಸಲ ಫೆಬ್ರವರಿ ಮೊದಲಲ್ಲೇ ಬರುತ್ತದೆ. ಪಣಜಿಯಲ್ಲಿ ಕಾರ್ನಿವಲ್ಲಿನ ರಾಜ ಕಿಂಗ್ ಮೊಮೊ ಬರುವ ಶನಿವಾರ ಯಾವುದೆಂದು ಮೊದಲೇ ನೋಡಿಕೊಂಡು, ಆರು ವಾರ ಮುಂಚೆ ಬಟ್ಟೆ ತಂದುಕೊಡಿ. ಖಣ ಊರಿಂದ ತರಿಸುವುದಿದ್ದರೆ ಇನ್ನೂ ಬೇಗ.